ಕರಡಿಯ ಮನೆಗೆ ಹೋಗಿಬಂದುದು



ಕಾಡುಮೃಗಗಳನ್ನು ಅವು ಇರುವ ಎಡೆಯಲ್ಲಿಯೇ ಕಾಣಬೇಕೆಂಬ ಬಯಕೆಯು ಈಚೆಗೆ ನಮ್ಮ ಪಟ್ಟಣವಾಸಿಗಳಲ್ಲಿ ಬಹಳವಾಗಿ ಬೆಳೆದಿರುವುದು. ರಜೆ ಬಂದಿತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂಥ ಬಯಲುಸೀಮೆಯ ಊರುಗಳಿಂದಲೂ ಜನರು ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು, ಬಂಡೀಪುರ ನಾಗರಹೊಳೆಗಳ ರಾಷ್ಟ್ರೀಯ ಉದ್ಯಾನಗಳಿಗೆ ಸಫಾರಿಗೆಂದು ಹೊರಡುವುದುಂಟು. ಹುಲಿಯನ್ನು ಕಂಡವರು ತಾವು ಧನ್ಯರೆಂದೂ, ಕಾಣದವರು ತಮ್ಮ ಹಣ ವ್ಯರ್ಥವಾಯಿತೆಂದೂ ತಿಳಿದು ಹಿಂದಿರುಗುತ್ತಾರೆ. ನಾವು ಇಂದು ಹೇಳಹೊರಟಿರುವುದು ಅಷ್ಟು ದೂರದ ಪ್ರವಾಸವನ್ನಲ್ಲ. ಬೆಳಗ್ಗೆ ಹೊರಟು ರಾತ್ರಿ ಮನೆ ಸೇರಬಹುದಾದ ದರೋಜಿಯ ಕರಡಿಧಾಮಕ್ಕೆ ವಿದ್ಯಾರ್ಥಿಗಳೊಡನೆ ಹೋಗಿಬಂದ ಸಂಗತಿಯನ್ನು.

ಅದಕ್ಕೆ ಮೊದಲು ಒಂದು ಹಳೆಯ ಮಾತನ್ನು ಹೇಳಬೇಕಾಗಿದೆ. ನಮ್ಮ ಬಾಲ್ಯದಲ್ಲಿ ಕರಡಿಯನ್ನು ಕಾಣುವುದಕ್ಕಾಗಿ ಯಾರೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಕರಡಿಯೇ ನಮ್ಮ ಬಳಿಗೆ ಬರುತ್ತಿದ್ದಿತು. ಸಂತೆಯ ದಿನ ಕರಡಿ ಆಡಿಸುವವನು ಅದರ ಮೂಗಿಗೆ ಪೋಣಿಸಿದ ಹಗ್ಗವನ್ನು ಹಿಡಿದು, ಡಮರುಗವನ್ನು ನುಡಿಸುತ್ತ ಓಣಿಗೆ ಕಾಲಿಟ್ಟನೆಂದರೆ ಮನೆಯೊಳಗೆ ಒಂದು ಮಗುವೂ ಉಳಿಯುತ್ತಿರಲಿಲ್ಲ. ನಮ್ಮ ಅಜ್ಜಿಯವರು ಅವನ ಕೈಗೆ ಒಂದು ರೂಪಾಯಿ ಇಟ್ಟು, ಅಂಜಿಕೆ ಬಿಟ್ಟುಹೋಗಲೆಂದು ನಮ್ಮನ್ನು ಆ ಕರಡಿಯ ಬೆನ್ನಿನ ಮೇಲೆ ಕೂರಿಸಿದರು; ಅದರ ಒಂದೆರಡು ಕೂದಲುಗಳನ್ನು ತಾಯಿತದಲ್ಲಿರಿಸಿ ಕೊರಳಿಗೆ ಕಟ್ಟಿದರು. ನಮ್ಮ ಅಂಜಿಕೆ ಹೋಯಿತೋ ಇಲ್ಲವೋ ತಿಳಿಯದು. ಆದರೆ ಹಗ್ಗ ತೂರಿಸಿದ್ದ ಆ ಮೂಗಿನ ಹಸಿಗಾಯವು ಇಂದಿಗೂ ನಮ್ಮ ಕಣ್ಣಮುಂದಿನಿಂದ ಹೋಗಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಆಟವನ್ನು ಅಪರಾಧವಾಗಿ ಮಾಡಿದ್ದಿತು. ಆದರೂ ಹೊಟ್ಟೆಯ ಪಾಡಿಗೆ ಬೇರೆ ದಾರಿಯನ್ನು ತೋರಿಸದೆ ಕಾಯಿದೆಯೊಂದರಿಂದಲೇ ಅದು ನಿಲ್ಲುವಂತಿರಲಿಲ್ಲ. ಕರಡಿ ಆಡಿಸುತ್ತಿದ್ದ ಖಲಂದರ ಮನೆತನಗಳಿಗೆ ಅನ್ಯ ಉದ್ಯೋಗವನ್ನು ಒದಗಿಸುತ್ತ, ಪ್ರಾಣಿಗಳನ್ನು ಒಂದೊಂದಾಗಿ ಬಿಡಿಸಿ ತರಲಾಯಿತು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯು ಬನ್ನೇರುಘಟ್ಟದ ರಕ್ಷಣಾ ಕೇಂದ್ರವನ್ನು ಸೇರಿದಾಗ, ಕುಣಿಯುವ ಕರಡಿಗಳ ಪೈಕಿ ಅದೇ ಕಡೆಯದೆಂದು ಸಾರಲಾಯಿತು.

ಶ್ರಾವಣಮಾಸದ ಒಂದು ಶನಿವಾರ ಬೆಳಗ್ಗೆ ನಾವು ಲಿಂಗಸುಗೂರಿನಿಂದ ಹೊರಟೆವು. ಮಸ್ಕಿಯಲ್ಲಿ ಕೆಲವರು ವಿದ್ಯಾರ್ಥಿಗಳು ಬಸ್ಸನ್ನು ಹತ್ತುವವರಿದ್ದುದರಿಂದ, ಅಲ್ಲಿಯ ಗುಡ್ಡದ ಬಂಡೆಯಲ್ಲಿರುವ ಅಶೋಕನ ಶಾಸನವನ್ನು ಎಲ್ಲರೂ ನೋಡಿಬಂದೆವು. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರರ ಕಣ್ಣಿಗೆ ಬಿದ್ದ ಈ ಬರಹದಿಂದಲೇ ‘ದೇವಾನಾಂಪ್ರಿಯ’ನೆಂಬ ಅರಸನು ಅಶೋಕನೇ ಎಂಬುದು ಸ್ಥಿರಪಟ್ಟಿತೆಂಬುದನ್ನು ತಾವು ಬಲ್ಲಿರಿ. ಪ್ರಾಣಿಗಳಲ್ಲಿ ದಯೆ ಇರಬೇಕೆಂಬ ಅವನ ಮಾತು ಈ ಬಂಡೆಯ ಮೇಲಿಲ್ಲ; ಅದನ್ನು ಓದಬೇಕಾದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು. ಹುಡುಗರಿಗೆ ಇಷ್ಟನ್ನು ತಿಳಿಸಿ ಮುಂದೆ ಸಾಗಿದೆವು.

ಸಿಂಧನೂರನ್ನು ದಾಟಿದ ಮೇಲೆ ದಾರಿಯ ಎರಡು ಕಡೆಗಳಲ್ಲಿಯೂ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು, ನಾಟಿಯಾದ ಬತ್ತದ ಗದ್ದೆಗಳು. ಈ ಸಮೃದ್ಧಿಯನ್ನು ಹಳಿಯುವವರು ನಾವಲ್ಲ. ಆದರೆ ಕಾರಟಗಿ, ಗಂಗಾವತಿಗಳವರೆಗೆ ಕಣ್ಣು ಹಾಯಿಸಿದರೂ ಕಾಡುಪ್ರಾಣಿಯೊಂದು ಹಗಲು ಮರೆಯಾಗಿ ಕೂರತಕ್ಕಷ್ಟು ಪೊದೆಯಾದರೂ ಅಪರೂಪ. ಹೊಳೆಗೆ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದುಂಟು. ಅಂದು ನಮ್ಮ ಪುಣ್ಯಕ್ಕೆ ದಾರಿ ತೆರೆದಿದ್ದಿತು. ಹೊಳೆಯನ್ನು ದಾಟಿ ರಾಮಸಾಗರದ ಕಡೆಗೆ ಹೊರಳಿದೊಡನೆ ನೆಲದ ರೂಪವೇ ಬೇರೆಯಾಯಿತು: ಒಂದರ ಮೇಲೊಂದು ಪೇರಿಸಿದಂತಿರುವ ಬಂಡೆಗಳು, ಅವುಗಳ ಸಂದಿನಲ್ಲಿ ಗುಹೆಗಳು, ನಡುನಡುವೆ ಮುಳ್ಳುಗಂಟಿ. ಮಲೆನಾಡಿನ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಇದನ್ನು ಕಾಡೆಂದು ಒಪ್ಪುವುದು ಕಷ್ಟ. ಆದರೆ ಕರಡಿಗೆ ಬೇಕಾದುದು ಇದೇ. ಬಿಸಿಲಿಗೆ ಗುಹೆ, ಹಸಿವಿಗೆ ಗೆದ್ದಲ ಹುತ್ತ, ಕಾಲಕಾಲಕ್ಕೆ ಕವಳಿ, ಬಾರಿ, ಕಕ್ಕೆ, ಸೀತಾಫಲ.

ಇಲ್ಲಿಯ ಬಿಳಿಕಲ್ಲು ಮೀಸಲು ಅರಣ್ಯದ 5,587 ಹೆಕ್ಟೇರುಗಳನ್ನು ಸರ್ಕಾರದವರು 1994ರ ಅಕ್ಟೋಬರಿನಲ್ಲಿ ಕರಡಿಧಾಮವೆಂದು ಘೋಷಿಸಿದರು. 2009ರಲ್ಲಿ ಬುಕ್ಕಸಾಗರದ ಅರಣ್ಯವೂ ಕೂಡಿ, ಅದರ ವಿಸ್ತಾರವು ಸುಮಾರು 82 ಚದರ ಕಿಲೋಮೀಟರುಗಳಾಯಿತು. ಚಿರತೆ, ಕತ್ತೆಕಿರುಬ, ಮುಳ್ಳುಹಂದಿ, ಚಿಪ್ಪುಹಂದಿ, ನಕ್ಷತ್ರ ಆಮೆಗಳೂ ಇಲ್ಲಿರುವುವು.

ನಾವು ಕಾವಲುಗೋಪುರವನ್ನು ಹತ್ತಿದಾಗ ಮೂರು ಗಂಟೆ. ಎದುರಿಗೆ ಕರಡಿಕಲ್ಲು ಗುಡ್ಡ. ಅರಣ್ಯ ಇಲಾಖೆಯ ಕಾವಲುಗಾರರು ಆ ಬಂಡೆಗಳಿಗೆ ಬೆಲ್ಲದ ಪಾಕವನ್ನು ಸವರಿ ಬಂದಿದ್ದರು. ಇನ್ನು ಕಾಯುವುದಷ್ಟೇ ಕೆಲಸ. ಮಾತನಾಡದೆ ಕಾಯುವುದು ಇಂದಿನ ತರುಣರಿಗೆ ಎಷ್ಟು ಕಠಿಣವೆಂಬುದನ್ನು ಕಂಡೆವು. ನಮಗೂ ಸುಲಭವಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಒಂದು ಗಂಟೆ ಕಳೆಯಿತು. ನವಿಲುಗಳು ಬಂದವು. ಬಿಸಿಲು ಇಳಿಯಿತು. ಬಳಿಕ ಬಂಡೆಯ ನೆರಳೇ ಕದಲಿದಂತಾಗಿ, ಒಂದು ಹೆಣ್ಣು ಕರಡಿ ಹೊರಗೆ ಬಂದಿತು. ಬೆನ್ನಿನ ಮೇಲೆ ಕೂದಲನ್ನು ಬಿಗಿಯಾಗಿ ಹಿಡಿದ ಎರಡು ಮರಿಗಳು. ಈ ಜಾತಿಯ ತಾಯಿ ಮರಿಗಳನ್ನು ಹೀಗೆ ತಿಂಗಳುಗಟ್ಟಲೆ ಹೊತ್ತು ತಿರುಗುವುದೆಂದು ಪುಸ್ತಕದಲ್ಲಿ ಓದಿದ್ದೆವು. ಕಂಡಾಗ ಓದಿದುದೆಲ್ಲ ಮರೆತುಹೋಗಿ, ನಾವು ಒಮ್ಮೆ ಅಂಥದೇ ಬೆನ್ನಿನ ಮೇಲೆ ಕುಳಿತಿದ್ದುದೊಂದೇ ನೆನಪಿಗೆ ಬಂದಿತು. ಈ ಕರಡಿಯ ಮೂಗಿನಲ್ಲಿ ಹಗ್ಗವಿರಲಿಲ್ಲ.

ಅದು ಬಂಡೆಯನ್ನು ನೆಕ್ಕುತ್ತಿದ್ದುದನ್ನು ದುರ್ಬೀನಿನಿಂದ ನೋಡುತ್ತಿದ್ದ ಹುಡುಗನೊಬ್ಬನು ಮೆಲ್ಲಗೆ ಕೇಳಿದನು: “ಸರ, ಬೆಲ್ಲ ಹಚ್ಚದಿದ್ರ ಇದು ಬರ್ತಿದ್ದಿಲ್ಲೇನ್ರಿ?” ನಾವು ಉತ್ತರ ಕೊಡುವುದಕ್ಕೆ ಮುಂಚೆಯೇ ಪಕ್ಕದಲ್ಲಿದ್ದ ಕಾವಲುಗಾರನು ಹೇಳಿದನು: “ಬೆಲ್ಲ ಇಲ್ಲಂದ್ರೂ ಅದು ಬದುಕ್ತದಪ್ಪಾ. ಬೆಲ್ಲ ಇರೋದು ನಿಮ್ಮ ಸಲುವಾಗಿ.”

ಈ ಮಾತು ನಮ್ಮ ಮನಸ್ಸಿನಲ್ಲಿ ಬಹಳ ಹೊತ್ತು ಕೊರೆಯಿತು. ಬೆಲ್ಲವೂ ಒಂದು ಬಗೆಯ ನೀಳವಾದ ಹಗ್ಗವೇ ಅಲ್ಲವೇ ಎಂಬ ಶಂಕೆ ಹುಟ್ಟಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂಬುದು ನಿಜ: ಅಲ್ಲಿ ಗಾಯವಿದ್ದಿತು, ಇಲ್ಲಿ ಸವಿಯಿದೆ, ಇಲ್ಲಿ ಕರಡಿ ತನಗೆ ಬೇಡವೆನಿಸಿದಾಗ ಗುಹೆಗೆ ಹೋಗಬಲ್ಲುದು. ಜನರು ಕಂಡರೆ ಮೆಚ್ಚುವರು, ಮೆಚ್ಚಿದರೆ ಉಳಿಸುವರು ಎಂಬ ವಾದವೂ ಹುರುಳಿಲ್ಲದುದಲ್ಲ. ಆದರೂ ಹಣ ಕೊಟ್ಟು ಬಂದವನಿಗೆ ಪ್ರಾಣಿ ಕಾಣಲೇಬೇಕೆಂಬ ಹಟವು ಸಂತೆಯ ದಿನದ ನೋಟಕನದೇ ಹೊರತು ಬೇರೆಯಲ್ಲ.

ಹಿಂದಿರುಗುವಾಗ, ಅದುವರೆಗೂ ಸುಮ್ಮನಿದ್ದ ವಿದ್ಯಾರ್ಥಿನಿಯೊಬ್ಬಳು ಮಾತನಾಡಿದಳು. ಅವಳ ತಾಯಿಯ ತವರು ಗಂಗಾವತಿಯ ಕಡೆಯ ಗುಡ್ಡದ ಸೀಮೆ. ಅಲ್ಲಿ ಅವಳ ಸೋದರಮಾವನು ನಸುಕಿನಲ್ಲಿ ಶೇಂಗಾದ ಹೊಲಕ್ಕೆ ಹೋದಾಗ, ಬದುವಿನ ಮರೆಯಲ್ಲಿದ್ದ ಕರಡಿಯ ಮೇಲೆ ಕಾಲಿಡುವಷ್ಟು ಹತ್ತಿರ ಹೋದನಂತೆ. ಕರಡಿಯ ದೃಷ್ಟಿ ಮಂದ. ಥಟ್ಟನೆ ಎದುರಾದವನನ್ನು ಅದು ಶತ್ರುವೆಂದೇ ಬಗೆಯುವುದು. ಅವನ ಒಂದು ಕಣ್ಣು ಹೋಯಿತು. “ಗೋಪುರದ ಮ್ಯಾಲೆ ನಿಂತೋರಿಗೆ ಅಂಜಿಕಿ ಇಲ್ರಿ ಸರ,” ಎಂದಳು, “ಹೊಲದಾಗ ನಿಂತೋರಿಗೆ ಗೋಪುರ ಎಲ್ಲೈತ್ರಿ?” ಮಾವನಿಗೆ ಕರಡಿಯ ಮೇಲೆ ಸಿಟ್ಟಿಲ್ಲವೇ ಎಂದು ನಾವು ಕೇಳಿದೆವು. ಅವನು ಹೇಳುವುದಿಷ್ಟೇ ಅಂತೆ: “ಅದನ್ನ ಕಂಡು ನಾ ಅಂಜಿದೆ, ನನ್ನ ಕಂಡು ಅದು ಅಂಜಿತು, ಇಬ್ಬರಿಗೂ ಓಡಲಿಕ್ಕೆ ದಾರಿ ಇದ್ದಿಲ್ಲ.”

ಬಸ್ಸಿನಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಶ್ರೋತೃಗಳೇ, ಆ ದಾರಿಯು ಏಕೆ ಇಲ್ಲದಾಯಿತೆಂಬುದನ್ನು ಯೋಚಿಸುವುದು ಓದುಬರಹ ಬಲ್ಲ ನಮ್ಮೆಲ್ಲರ ಕರ್ತವ್ಯ. ಗುಡ್ಡದ ಬುಡದವರೆಗೂ ಹೊಲ ಹಬ್ಬಿದರೆ, ಗುಡ್ಡವನ್ನೇ ಕಲ್ಲುಗಣಿಗೆ ಒಡೆದರೆ, ಗುಹೆಯನ್ನು ಕಳೆದುಕೊಂಡ ಪ್ರಾಣಿ ಬದುವಿನಲ್ಲಿ ಮಲಗದೆ ಇನ್ನೆಲ್ಲಿ ಮಲಗೀತು? ನಮ್ಮ ಮನೆಗಳ ನುಣುಪಾದ ಕಲ್ಲಿನ ನೆಲವೂ ಇಂಥ ಯಾವುದೋ ಗುಡ್ಡದಿಂದ ಬಂದುದೇ. ಗಾಯಗೊಂಡ ರೈತನಿಗೆ ತಕ್ಕ ಪರಿಹಾರವು ತಡವಿಲ್ಲದೆ ದೊರೆಯದಿದ್ದರೆ, ಕರಡಿಯನ್ನು ಉಳಿಸಿರೆಂದು ಅವನಿಗೆ ಬೋಧಿಸುವ ಅಧಿಕಾರವು ಗೋಪುರದ ಮೇಲೆ ನಿಂತು ನೋಡಿಬಂದ ನಮಗೆ ಇರುವುದಿಲ್ಲ.

ದರೋಜಿಗೆ ತಾವೂ ಅವಶ್ಯವಾಗಿ ಹೋಗಿಬನ್ನಿರಿ. ಕರಡಿ ಬಂದರೆ ಸಂತೋಷಪಡಿರಿ. ಬಾರದಿದ್ದರೆ, ಅದು ತನ್ನ ಗುಡ್ಡದಲ್ಲಿ ತನ್ನ ಕೆಲಸದಲ್ಲಿದೆಯೆಂದು ತಿಳಿದು ಸಮಾಧಾನದಿಂದ ಹಿಂದಿರುಗಿರಿ. ಬರುವ ವರ್ಷ ನಾವು ಮತ್ತೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇವೆ. ಈ ಸಾರಿ ಮೊದಲು ಆ ಸೋದರಮಾವನ ಹೊಲಕ್ಕೆ, ಗೋಪುರಕ್ಕೆ ಆಮೇಲೆ.