ಹಿಂದೆ ಕೂತವರ ಸಾವು

ಇಂದಿನ ಉಪನ್ಯಾಸದ ವಿಷಯ ವಿಜಯಪುರದ ಜೋರಾಪುರ ಪೇಟೆಗೆ ಬಲು ದೂರದ್ದು ಅನ್ನಿಸಬಹುದು. 2021ರ ಆಗಸ್ಟ್ 24ರಂದು ಲಂಡನ್ನಿನಲ್ಲಿ ಚಾರ್ಲಿ ವಾಟ್ಸ್ ಎಂಬ ವಾದಕರು ತಮ್ಮ 80ನೇ ವಯಸ್ಸಿನಲ್ಲಿ ತೀರಿಕೊಂಡರು. 1963ರಿಂದ ಕೊನೆತನಕ ರೋಲಿಂಗ್ ಸ್ಟೋನ್ಸ್ ರಾಕ್ ತಂಡಕ್ಕೆ ಡ್ರಮ್ಸ್ ನುಡಿಸಿದವರು ಅವರು. ತಂಡದ ಹಾಡುಗಾರ ಅವರಲ್ಲ, ಹೆಸರಾದ ಹಾಡುಗಳನ್ನು ಕಟ್ಟಿದವರೂ ಅಲ್ಲ. ವೇದಿಕೆಯ ಹಿಂದೆ ಕೂತು, ಮುಖದಲ್ಲಿ ಹೆಚ್ಚು ಭಾವ ತೋರಿಸದೆ, ಮಾತೂ ಆಡದೆ ತಮ್ಮ ಕೆಲಸ ಮಾಡಿಕೊಂಡಿದ್ದವರು. ಅಂಥವರಿಗಾಗಿ ಜಗತ್ತಿನ ಮೂಲೆಮೂಲೆಯ ಅಭಿಮಾನಿಗಳು ಮನೆಯ ಹಿರಿಯರನ್ನು ಕಳಕೊಂಡಂತೆ ಮರುಗಿದರು. ನಮ್ಮ ರಾಜ್ಯಕ್ಕೂ ಆ ಕೈಗಳ ಪರಿಚಯವಿತ್ತು. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನುಡಿಸಿ ಹೋಗಿದ್ದರು. ಈ ಮರುಗುವಿಕೆ ಬರೀ ಹುಚ್ಚು ಅಭಿಮಾನವಲ್ಲ, ಅದು ಕಿವಿಯ ಸಂಸ್ಕಾರದ ಗುರುತು ಎಂಬುದು ನನ್ನ ವಾದ. ಆ ಸಂಸ್ಕಾರ ನಮ್ಮ ವಾದಕರ ಮಟ್ಟಿಗೆ ನಮ್ಮಲ್ಲಿ ಎಷ್ಟಿದೆ ಎಂದೂ ಇಲ್ಲೇ ಕೇಳಿಕೊಳ್ಳಬೇಕಾಗಿದೆ.

ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದ್ದು: ಕಂಡಿಲ್ಲ, ಮಾತಾಡಿಸಿಲ್ಲ, ಅಳುವುದೇಕೆ? ಈ ಊರಿನಲ್ಲಿ ಅದಕ್ಕೆ ದೀರ್ಘ ಉತ್ತರ ಬೇಕಿಲ್ಲ. 2023ರ ಜನವರಿ 2ರಂದು ಸಿದ್ಧೇಶ್ವರ ಶ್ರೀಗಳು ಲಿಂಗೈಕ್ಯರಾದಾಗ ವಿಜಯಪುರಕ್ಕೆ ಹರಿದುಬಂದ ಜನಸಾಗರದಲ್ಲಿ ಅವರೊಡನೆ ಒಂದು ಮಾತೂ ಆಡದವರೇ ಬಹಳ. ಪ್ರವಚನ ಕೇಳಿದ್ದರು, ಅಷ್ಟೇ ಅವರ ನಂಟು. ಸಂತರನ್ನೂ ಡ್ರಮ್ಸ್ ನುಡಿಸುವವರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದೇ ಎಂದು ಯಾರಾದರೂ ಕೇಳಿದರೆ, ಇಡುತ್ತಿಲ್ಲ. ವರ್ಷಗಟ್ಟಲೆ ಕಿವಿಗೊಟ್ಟದ್ದರಿಂದಲೇ ಒಂದು ಸಂಬಂಧ ಬೆಳೆಯುತ್ತದೆ, ಅದಕ್ಕೆ ಮುಖಾಮುಖಿ ಭೇಟಿ ಬೇಕಾಗಿಲ್ಲ ಎಂಬಷ್ಟನ್ನೇ ಹೇಳುತ್ತಿದ್ದೇನೆ.

ಆದರೆ ಪ್ರವಚನದಲ್ಲಿ ಮಾತಿದೆ, ಅರ್ಥವಿದೆ. ಡ್ರಮ್ಸಿನ ಸದ್ದಿನಲ್ಲಿ ಏನಿದೆ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ರಾಕ್ ಸಂಗೀತದಲ್ಲಿ ಸಾಮಾನ್ಯವಾಗಿ ಬಲಗೈ ಹೈಹ್ಯಾಟ್ ಎಂಬ ಜೋಡಿ ತಾಳದ ಮೇಲೆ ಬಿಡದೆ ಬೀಳುತ್ತಿರುತ್ತದೆ, ಎಡಗೈ ನಾಲ್ಕು ಮಾತ್ರೆಗಳಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಸ್ನೇರ್ ಎಂಬ ಚಿಕ್ಕ ಡ್ರಮ್ಮಿಗೆ ಬಲವಾಗಿ ಹೊಡೆಯುತ್ತದೆ. ವಾಟ್ಸ್ ಅವರದು ಬೇರೆ ರೀತಿ. ಸ್ನೇರ್ ಮೇಲೆ ಎಡಗೈ ಬೀಳುವ ಆ ಕ್ಷಣಕ್ಕೆ ಅವರ ಬಲಗೈ ತಾಳವನ್ನು ಬಿಟ್ಟು ಮೇಲೇಳುತ್ತಿತ್ತು. ತಾಳದ ಝಣಝಣ ಒಂದು ಮಾತ್ರೆ ಸುಮ್ಮನಾಗಿ ಸ್ನೇರಿನ ಪೆಟ್ಟು ಒಂಟಿಯಾಗಿ, ಸ್ವಚ್ಛವಾಗಿ ಕೇಳುತ್ತಿತ್ತು. ಒಂದು ಪೆಟ್ಟನ್ನು ಬಿಟ್ಟುಕೊಟ್ಟು ಇನ್ನೊಂದಕ್ಕೆ ಜಾಗ ಮಾಡಿಕೊಡುವ ಕ್ರಮ ಅದು. ಎಡೆಬಿಡದೆ ಬಾರಿಸುವುದೇ ಕಸುಬು ಅಂದುಕೊಂಡವರಿಗೆ ಇದು ಹೊಳೆಯುವುದಿಲ್ಲ. ತಂಡ ಆಡಂಬರಕ್ಕೆ ಹೆಸರಾದರೂ ಅವರ ಮುಂದಿದ್ದದ್ದು ನಾಲ್ಕೇ ಡ್ರಮ್ಮುಗಳ ಚಿಕ್ಕ ಜೋಡಣೆ. ಮನಸ್ಸು ಕೊನೆತನಕ ಜಾಝ್ ಕಡೆಗೇ. ಅಭಿಮಾನಿಗಳು ಅತ್ತದ್ದು ಈ ಸಂಯಮಕ್ಕಾಗಿ. ಅದನ್ನು ಗುರುತಿಸುವಷ್ಟು ಅವರ ಕಿವಿ ಪಳಗಿತ್ತು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಬಲವಿದೆ. ತಾಳ ಹಿಡಿಯುವವರು ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ, ರೆಕಾರ್ಡುಗಳಂತೂ ಉಳಿದೇ ಇವೆ, ಮತ್ತೆ ನಷ್ಟವಾದದ್ದೇನು? ನಿಜವೇ, ವಾಟ್ಸ್ ಬದುಕಿದ್ದಾಗಲೇ ಅವರ ಒಪ್ಪಿಗೆಯಿಂದ ಸ್ಟೀವ್ ಜೋರ್ಡನ್ ಆ ಜಾಗಕ್ಕೆ ಬಂದಿದ್ದರು. 2021ರ ಸೆಪ್ಟೆಂಬರ್ 26ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ತಂಡದ ಪ್ರವಾಸ ಶುರುವಾದದ್ದು ಪರದೆಯ ಮೇಲೆ ವಾಟ್ಸ್ ಚಿತ್ರಗಳು, ಜೊತೆಗೆ ಬರೀ ಡ್ರಮ್ಸಿನ ಸದ್ದಿನೊಂದಿಗೆ. ಆಮೇಲೆ ಕಛೇರಿ ನಡೆಯಿತು, ಈಗಲೂ ತಂಡ ಇದೆ. ಆದರೆ 1980ರ ಸೆಪ್ಟೆಂಬರಿನಲ್ಲಿ ಡ್ರಮ್ಮರ್ ಜಾನ್ ಬೊನಮ್ ಸತ್ತಾಗ ಲೆಡ್ ಝೆಪೆಲಿನ್ ತಂಡ ಬದಲಿ ವಾದಕರನ್ನು ಹುಡುಕಲಿಲ್ಲ. ಅದೇ ಡಿಸೆಂಬರಿನಲ್ಲಿ ಅಂಗಡಿಯನ್ನೇ ಮುಚ್ಚಿಬಿಟ್ಟಿತು. ಯಾವುದು ಸರಿ ಎಂಬ ಚರ್ಚೆ ನನಗೆ ಬೇಡ. ತಂಡದ ಒಳಗಿದ್ದವರಿಗೇ ಈ ಸಾವು ಒಂದು ಬಿಡಿಭಾಗ ಸವೆದಂತೆ ಕಾಣಲಿಲ್ಲ ಎಂಬುದು ಎರಡರಿಂದಲೂ ಗೊತ್ತಾಗುತ್ತದೆ. ರೆಕಾರ್ಡಿನ ಮಾತಿಗೆ ಬಂದರೆ, ಅದರಲ್ಲಿ ಉಳಿಯುವುದು ನುಡಿಸಿಯಾದದ್ದು. ಹಾಡುವವರು ಇವತ್ತು ಎಲ್ಲಿ ಉಸಿರು ತಗೊಂಡರು, ಎಲ್ಲಿ ಲಯ ಜಗ್ಗಿದರು ಎಂದು ಕೇಳಿ ಅಲ್ಲೇ ಉತ್ತರ ಕೊಡುವ ವಿವೇಕವಿದೆಯಲ್ಲ, ಅದು ಮನುಷ್ಯನೊಂದಿಗೇ ಹೋಗುತ್ತದೆ.

ಇದೆಲ್ಲ ಪರದೇಶದ ಸುದ್ದಿ ಅನ್ನುವವರಿಗೆ 2024ರ ಡಿಸೆಂಬರ್ 15 ನೆನಪಿದ್ದೀತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಬಲಾ ವಾದಕ ಝಾಕಿರ್ ಹುಸೇನ್ ತೀರಿಕೊಂಡಾಗ ದೇಶ ಮರುಗಿತು. ತಬಲಾ ಕೇಳಿ ಇಷ್ಟು ಜನ ಮರುಗುವ ಸ್ಥಿತಿ ತಾನಾಗಿ ಬಂದದ್ದಲ್ಲ. ಹಳೆಯ ಗ್ರಾಮಫೋನ್ ತಟ್ಟೆಗಳ ಮೇಲೆ ಗಾಯಕರ ಹೆಸರಿರುತ್ತಿತ್ತು, ಜೊತೆಗೆ ನುಡಿಸಿದ ಸಾಥಿಯ ಹೆಸರು ಹುಡುಕಿದರೂ ಸಿಗುವುದು ಅಪರೂಪ. ಝಾಕಿರ್ ಅವರ ತಂದೆ ಅಲ್ಲಾರಖಾ ರವಿಶಂಕರರ ಪಕ್ಕದಲ್ಲಿ ಕೂತು 1967ರಲ್ಲಿ ಮಾಂಟೆರೇ, 1969ರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವಗಳ ವೇದಿಕೆಗಳಲ್ಲಿ ನುಡಿಸಿದರು. ರಾಕ್ ಡ್ರಮ್ಮರ್ ಮಿಕಿ ಹಾರ್ಟ್ ಅಲ್ಲಾರಖಾ ಅವರಿಂದ ಕಲಿತರು. ಮುಂದೆ ಅದೇ ಹಾರ್ಟ್ ಜೊತೆ ಮಗ ನುಡಿಸಿದ ‘ಪ್ಲ್ಯಾನೆಟ್ ಡ್ರಮ್’ ಧ್ವನಿಮುದ್ರಿಕೆಗೆ ಗ್ರ್ಯಾಮಿ ಬಂತು. ಹಿಂದಿನವರ ಹೆಸರು ಮುಂದೆ ಬರಲು ಎರಡು ತಲೆಮಾರು ಹಿಡಿಯಿತು. 2022ರ ಮೇ ತಿಂಗಳಲ್ಲಿ ಸಂತೂರಿನ ಶಿವಕುಮಾರ ಶರ್ಮಾ ತೀರಿಕೊಂಡಾಗ ಝಾಕಿರ್ ಚಟ್ಟಕ್ಕೆ ಹೆಗಲು ಕೊಟ್ಟು, ಚಿತೆಯ ಬಳಿ ಒಬ್ಬರೇ ನಿಂತ ಚಿತ್ರವನ್ನು ನೀವೂ ಕಂಡಿರುತ್ತೀರಿ. ಸಾಥಿ ಅಂದರೆ ಏನೆಂದು ತಿಳಿಯಲು ಅಷ್ಟು ಸಾಕು.

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ‘ಕಿತಾಬ್-ಎ-ನೌರಸ್’ ಬರೆದ ಸಂಗೀತಪ್ರೇಮಿ ದೊರೆ. ಅವನ ತಂಬೂರಿಗೆ ಮೋತಿಖಾನ್ ಎಂಬ ಹೆಸರಿತ್ತು. ನಾಲ್ಕು ಶತಮಾನ ದಾಟಿ ಆ ಹೆಸರು ಉಳಿದಿದೆ. ಗೋಲಗುಮ್ಮಟದ ಎದುರಿಗೇ ನಗಾರಖಾನೆಯ ಕಟ್ಟಡವಿದೆ, ಈಗ ಅಲ್ಲಿ ವಸ್ತುಸಂಗ್ರಹಾಲಯ. ನಗಾರಿ ಬಾರಿಸುವುದಕ್ಕೆಂದೇ ಅಷ್ಟು ದೊಡ್ಡ ಕಟ್ಟಡ ಎದ್ದರೂ ಬಾರಿಸಿದವರಲ್ಲಿ ಒಬ್ಬರ ಹೆಸರನ್ನೂ ಊರು ನೆನಪಿಟ್ಟಿಲ್ಲ. ವಾದ್ಯಕ್ಕೆ ಸಿಕ್ಕ ಮರ್ಯಾದೆ ವಾದಕರಿಗೆ ಸಿಗಲಿಲ್ಲ. ಆ ಕಾಲ ಹಾಗಿತ್ತು ಎಂದು ಬಿಡಬಹುದಿತ್ತು, ನಮ್ಮ ಕಾಲ ಬೇರೆಯಾಗಿದ್ದರೆ. ತಿಕೋಟಾ, ಬಬಲೇಶ್ವರ ಭಾಗದ ಯಾವ ಊರಿನ ಜಾತ್ರೆಯ ಕರಪತ್ರ ತೆಗೆದರೂ ದಾಸೋಹ ಮಾಡಿಸಿದವರ, ಪೆಂಡಾಲು ಹಾಕಿಸಿದವರ ಹೆಸರು ದಪ್ಪಕ್ಷರದಲ್ಲಿರುತ್ತವೆ. ಕೆಳಗೆ ‘ಕರಡಿ ಮಜಲು’, ‘ಹಲಗಿ ಮೇಳ’ ಎಂದಿಷ್ಟೇ. ಮೊಹರಮ್ಮಿಗೆ ಹಲಗಿ ಬೇಕು, ಓಕುಳಿಗೆ ಬೇಕು, ಹೆಣ ಎತ್ತಲೂ ಬೇಕು. ಬೆಂಕಿಗೆ ಹಿಡಿದು ಚರ್ಮ ಕಾಯಿಸಿ, ಎಡಗೈಯಲ್ಲಿ ತೆಳ್ಳನೆಯ ಕಡ್ಡಿ, ಬಲಗೈಯಲ್ಲಿ ಗಿಡ್ಡ ಕೋಲು ಹಿಡಿದು ಇಡೀ ಊರಿನ ಸಾವುಗಳಿಗೆ ಲಯ ಕೊಟ್ಟವರು ತಾವು ಸತ್ತಾಗ ಅವರ ಕೈಚಳಕದ ಬಗ್ಗೆ ಯಾರು ಬರೆಯುತ್ತಾರೆ?

ಜನಪದ ಕಲೆ ಸಮೂಹದ್ದು, ಅಲ್ಲಿ ಒಬ್ಬೊಬ್ಬರ ಹೆಸರು ಹುಡುಕುವುದೇ ತಪ್ಪು ಎಂದು ಪಂಡಿತರು ಹೇಳುತ್ತಾರೆ. ಕೇಳಲು ಚೆಂದದ ಮಾತು. ಆದರೆ ಇದೇ ನಾಡಿನಲ್ಲಿ ಗೀಗೀ ಪದ ಹಾಡುವವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಭಜನೆಯ ಪೇಟಿ ಮಾಸ್ತರರ ಹೆಸರೂ ಗೊತ್ತಿರುತ್ತದೆ. ಸಮೂಹದ ತತ್ವ ಚರ್ಮ ಮುಟ್ಟುವ ಕೈಗಳಿಗೆ ಮಾತ್ರ ಅನ್ವಯಿಸಿದರೆ ಅದನ್ನು ಜಾನಪದ ಅನ್ನಬಾರದು, ಜಾತಿ ಅನ್ನಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ನಾನು ಸಣ್ಣ ಸುದ್ದಿಯಾಗಿ ನೋಡುವುದಿಲ್ಲ. ಒಬ್ಬ ವಾದಕರು ಬದುಕಿರುವಾಗಲೇ ಅವರ ಹೆಸರನ್ನು ನಾಡು ಕಲಿತುಕೊಂಡಿತು.

ಇಲ್ಲಿ ದಲಿತ ಚಳವಳಿಯ ಒಳಗಿಂದಲೇ ಬರುವ ತಕರಾರನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಹೆಣದ ಮುಂದೆ ಹಲಗಿ ಬಾರಿಸುವುದು ಕಲೆಯಲ್ಲ, ಹೇರಿದ ಬಿಟ್ಟಿ ಚಾಕರಿ. ಅದಕ್ಕೆ ಹಾರ ಹಾಕಿ ಮತ್ತೆ ಕಟ್ಟಿಹಾಕಬೇಡಿ ಎನ್ನುತ್ತಾರೆ ಅವರು. ಹಲಗಿಯನ್ನು ಕೆಳಗಿಟ್ಟ ಮನೆತನಗಳಿಗೆ ಇಡುವ ಹಕ್ಕು ಪೂರ್ತಿ ಇದೆ. ಅದೇ ಹೊತ್ತಿಗೆ ದಲಿತ ಸಂಘರ್ಷ ಸಮಿತಿ ಅದೇ ವಾದ್ಯವನ್ನು ಹೋರಾಟದ ಹಾಡುಗಳಿಗೆ ಎತ್ತಿಕೊಂಡದ್ದೂ ಇತಿಹಾಸವೇ. ವಾದ್ಯ ಒಂದೇ, ಕರೆದದ್ದು ಯಾರು ಎಂಬುದು ಬೇರೆ. ಹಾಗಾಗಿ ಕರಪತ್ರದಲ್ಲಿ ಹೆಸರು ಅಚ್ಚು ಹಾಕುವ ಮೊದಲು ಅವರನ್ನು ಕೇಳಬೇಕು: ಬರುತ್ತೀರಾ, ಎಷ್ಟು ಕೊಡಬೇಕು, ಹೆಸರು ಹೇಗೆ ಬರೆಯಬೇಕು. ಒಲ್ಲೆ ಅಂದರೆ ಬಲವಂತ ಮಾಡದೆ ಹಿಂದಿರುಗಬೇಕು. ಬರುತ್ತೇನೆ ಅಂದವರ ಹೆಸರು ದಾಸೋಹದ ದಾನಿಗಳ ಹೆಸರಿನ ಅಕ್ಷರದ ಗಾತ್ರದಲ್ಲೇ ಬರಲಿ. ಅಚ್ಚಿನವರು ಒಂದು ಸಾಲಿಗೇನೂ ಹೆಚ್ಚು ಹಣ ಕೇಳುವುದಿಲ್ಲ.