ತಿರುವಿನಲ್ಲಿ ಹಗ್ಗ ಹಿಡಿಯುವ ಯಂತ್ರ

(ಘಾಟಿ ಸುಬ್ರಹ್ಮಣ್ಯದಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣ)



ಮೇವು, ಕೆಚ್ಚಲು ಬಾವು, ಕರುಗಳ ಪಾಲನೆ ಇವುಗಳ ಬಗ್ಗೆ ತಿಳಿದವರು ನಿಮಗೆ ಬೇಕಾದಷ್ಟು ಹೇಳಿದ್ದಾರೆ. ನಾನು ಇಂದು ಕಾರಿನ ವಿಚಾರ ಹೇಳುತ್ತೇನೆಂದರೆ ಕೆಲವರಿಗೆ ನಗು ಬರಬಹುದು. ಆದರೆ ಈಗ ನಮ್ಮ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಂತಿದೆ. ಆಸ್ಪತ್ರೆಗೆ, ಮದುವೆಗೆ, ಜಾತ್ರೆಗೆ ಅದರಲ್ಲೇ ಹೋಗುತ್ತೇವೆ. ಈ ಗುಡ್ಡದ ತಿರುವುಗಳಲ್ಲಿ, ಮೊದಲ ಮಳೆ ಬಿದ್ದ ರಸ್ತೆಯಲ್ಲಿ ಅದು ಜಾರಿದರೆ ಒಳಗಿರುವವರು ನಮ್ಮ ಹೆಂಡಿರು ಮಕ್ಕಳೇ. ಆದ್ದರಿಂದ ಕಾರು ಜಾರದಂತೆ ಕಾಯುವ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆಯನ್ನು, ಅಂದರೆ ಇ.ಎಸ್.ಸಿ. ಎಂಬುದನ್ನು ನಾವು ತಿಳಿದಿರಬೇಕು.

ಇದರ ಗುಟ್ಟು ನಿಮಗೆ ಮೊದಲೇ ಗೊತ್ತು. ಜೋಡಿ ಎತ್ತಿನ ಗಾಡಿಯನ್ನು ಎಡಕ್ಕೆ ತಿರುಗಿಸಬೇಕಾದರೆ ಏನು ಮಾಡುತ್ತೀರಿ? ಎಡಗಡೆಯ ಎತ್ತಿನ ಹಗ್ಗ ಜಗ್ಗುತ್ತೀರಿ. ಅದು ಹೆಜ್ಜೆ ತಡೆಯುತ್ತದೆ, ಬಲಗಡೆಯದು ಮುಂದೆ ನಡೆಯುತ್ತದೆ, ಗಾಡಿ ತಿರುಗುತ್ತದೆ. ಇ.ಎಸ್.ಸಿ. ಮಾಡುವುದೂ ಇದನ್ನೇ. ನಾಲ್ಕು ಚಕ್ರಗಳಲ್ಲಿ ಬೇಕಾದ ಒಂದನ್ನು ಮಾತ್ರ ಹಿಡಿದು, ಕಾರಿನ ಮೂತಿಯನ್ನು ದಾರಿಗೆ ತರುತ್ತದೆ. ಚಾಲಕನ ಕಾಲಡಿಯ ಬ್ರೇಕಿನಿಂದ ಈ ಕೆಲಸ ಆಗದು. ಅದು ನಾಲ್ಕನ್ನೂ ಒಟ್ಟಿಗೆ ಹಿಡಿಯುತ್ತದೆ.

ಆದರೆ ಯಾವ ಹಗ್ಗ, ಯಾವಾಗ ಜಗ್ಗಬೇಕೆಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಇಲ್ಲಿನ ಗುಡಿಯಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹಸ್ವಾಮಿ. ಹಿಂದಿನ ದೇವರ ದರ್ಶನ ನಮಗೆ ಕನ್ನಡಿಯಲ್ಲಿ ಆಗುತ್ತದೆ. ಚಾಲಕನಿಗೂ ಚಕ್ರದಡಿ ಆಗುವುದು ನೇರವಾಗಿ ಕಾಣುವುದಿಲ್ಲ. ಅದನ್ನು ಕಂಡು ಹೇಳುವುದಕ್ಕೆ ಕಾರಿನಲ್ಲಿ ಸೆನ್ಸರುಗಳಿವೆ.

ಮೊದಲನೆಯದು, ಪ್ರತಿ ಚಕ್ರದ ವೇಗ ಅಳೆಯುವ ಸೆನ್ಸರ್. ಚಕ್ರದ ಜೊತೆ ಹಲ್ಲುಗಳಿರುವ ಅಥವಾ ಅಯಸ್ಕಾಂತದ ಒಂದು ಬಳೆ ತಿರುಗುತ್ತದೆ. ಪಕ್ಕದ ಸೆನ್ಸರ್ ಅದನ್ನು ಎಣಿಸುತ್ತಾ ಚಕ್ರ ಎಷ್ಟು ವೇಗವಾಗಿ ಉರುಳುತ್ತಿದೆ ಎಂದು ಹೇಳುತ್ತದೆ. ಎರಡನೆಯದು ಸ್ಟಿಯರಿಂಗ್ ಕೋನದ ಸೆನ್ಸರ್. ಚಾಲಕ ಎತ್ತ ಹೋಗಬಯಸುತ್ತಾನೆ ಎಂಬುದನ್ನು ಅದು ತಿಳಿಸುತ್ತದೆ. ಮೂರನೆಯದು ಕಾರು ನಿಜವಾಗಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆಯುವುದು. ಒಂದು ಸಣ್ಣ ಸಿಲಿಕಾನ್ ಚೂರಿನ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಭಾಗ ಸದಾ ಕಂಪಿಸುತ್ತಿರುತ್ತದೆ. ಕಾರು ತಿರುಗಿದೊಡನೆ ಆ ಕಂಪನ ಪಕ್ಕಕ್ಕೆ ವಾಲುತ್ತದೆ. ಆ ವಾಲಿಕೆಯೇ ಲೆಕ್ಕ. ನಾಲ್ಕನೆಯದು ಪಕ್ಕಕ್ಕೆ ತಳ್ಳುವ ಬಲವನ್ನು ಅಳೆಯುವುದು. ಗಾಡಿ ತಿರುವಿನಲ್ಲಿ ಹೋಗುವಾಗ ಕ್ಯಾನಿನಲ್ಲಿರುವ ಹಾಲು ಹೊರಮಗ್ಗುಲಿಗೆ ಏರುವುದನ್ನು ನೋಡಿದ್ದೀರಿ. ಆ ಬಲವೇ ಅದು. ಇವಲ್ಲದೆ ಬ್ರೇಕಿನ ಎಣ್ಣೆಯ ಒತ್ತಡ ನೋಡುವ ಸೆನ್ಸರೂ ಉಂಟು.

ಈ ಸುದ್ದಿಯೆಲ್ಲ ಒಂದು ಪುಟ್ಟ ಗಣಕಕ್ಕೆ ಸೇರುತ್ತದೆ. ಚಾಲಕ ಬಯಸಿದ ದಾರಿ, ಕಾರು ಹಿಡಿದ ದಾರಿ ಎರಡನ್ನೂ ಅದು ಸೆಕೆಂಡಿಗೆ 25 ಸಲ ಹೋಲಿಸುತ್ತದೆ. ಎಡ ತಿರುವಿನಲ್ಲಿ ಕಾರು ತಿರುಗದೆ ನೇರ ಹೊರಟರೆ ಎಡಗಡೆ ಹಿಂದಿನ ಚಕ್ರವನ್ನು ಹಿಡಿಯುತ್ತದೆ. ಹಿಂಭಾಗ ಹೊರಕ್ಕೆ ಬೀಸಿ ಕಾರು ಸುತ್ತುವಂತಾದರೆ ಬಲಗಡೆ ಮುಂದಿನ ಚಕ್ರವನ್ನು ಹಿಡಿಯುತ್ತದೆ. ಜೊತೆಗೆ ಇಂಜಿನ್ನಿನ ಶಕ್ತಿಯನ್ನೂ ತಗ್ಗಿಸುತ್ತದೆ. ಚಾಲಕ ಬ್ರೇಕ್ ಮುಟ್ಟದಿದ್ದರೂ ಒಂದು ಪಂಪು ಮತ್ತು ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವುಗಳು ಈ ಕೆಲಸ ಮಾಡಿ ಮುಗಿಸುತ್ತವೆ.

ಇದು ಎಲ್ಲೋ ದೂರದ ಮಾತೇನಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ನಿಮಗೆಲ್ಲ ಗೊತ್ತು. 1951ರಲ್ಲಿ ಸ್ಥಾಪನೆಯಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಅದರ ಮೂಲ ಸಂಸ್ಥೆಯಾದ ಜರ್ಮನಿಯ ಬಾಷ್, ಮರ್ಸಿಡಿಸ್ ಬೆಂಜ್ ಜೊತೆ ಸೇರಿ 1995ರಲ್ಲಿ ಈ ವ್ಯವಸ್ಥೆಯನ್ನು ದುಬಾರಿ ಕಾರಿಗೆ ಅಳವಡಿಸಿತು. 1997ರಲ್ಲಿ ಸ್ವೀಡನ್ನಿನಲ್ಲಿ ಅಡ್ಡಬಂದ ಪ್ರಾಣಿಯನ್ನು ತಪ್ಪಿಸುವ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಸಣ್ಣ ಕಾರೊಂದು ಮಗುಚಿತು. ಆ ಮೇಲೆ ಆ ಸಣ್ಣ ಕಾರಿಗೂ ಇದನ್ನು ಕಡ್ಡಾಯವಾಗಿ ಹಾಕಿ ಮಾರಿದರು. ನಮ್ಮ ರಸ್ತೆಗಳಲ್ಲಿ ದಿನವೂ ದನ, ಕುರಿ, ನಾಯಿ ಅಡ್ಡ ಬರುತ್ತವೆ. ಈ ಪರೀಕ್ಷೆ ನಮಗೆ ಹೊಸದಲ್ಲ! 2023ರ ಅಕ್ಟೋಬರಿನಲ್ಲಿ ಆರಂಭವಾದ ನಮ್ಮ ದೇಶದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ನಕ್ಷತ್ರ ಅಥವಾ ಅದಕ್ಕಿಂತ ಹೆಚ್ಚು ಪಡೆಯಲು ಕಾರಿನಲ್ಲಿ ಇ.ಎಸ್.ಸಿ. ಇರಲೇಬೇಕು. ಕಾರು ಕೊಳ್ಳುವಾಗ ಬಣ್ಣ, ಹಾಡಿನ ಪೆಟ್ಟಿಗೆ ನೋಡುವ ಮೊದಲು ಇದನ್ನು ಕೇಳಿ. ಹಳೆಯ ಕಾರು ಕೊಳ್ಳುವಾಗಲಂತೂ ತಪ್ಪದೆ ಕೇಳಿ.

ಇನ್ನು ಮನೆಯವರು ಗಮನಿಸಬೇಕಾದ ಮಾತು. ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರದ ಹಳದಿ ದೀಪ ಓಡಿಸುವಾಗ ಮಿನುಗಿದರೆ, ಯಂತ್ರ ಕೆಲಸ ಮಾಡುತ್ತಿದೆ, ರಸ್ತೆ ಜಾರುತ್ತಿದೆ, ನಿಧಾನಿಸಿ ಎಂದರ್ಥ. ಆರದೆ ಉರಿಯುತ್ತಲೇ ಇದ್ದರೆ ಅದರಲ್ಲಿ ದೋಷವಿದೆ ಅಥವಾ ಯಾರೋ ಅದನ್ನು ಆಫ್ ಮಾಡಿದ್ದಾರೆ. ನಮ್ಮ ಮನೆಯ ಕಾರಿನಲ್ಲಿ ಈ ದೀಪ ಒಂದು ತಿಂಗಳು ಉರಿಯಿತು. ಕಣ್ಣಿಗೆ ಚುಚ್ಚುತ್ತದೆಂದು ನನ್ನ ಮಗ ಅದರ ಮೇಲೆ ಟೇಪು ಅಂಟಿಸಿದ್ದ! ಕೊನೆಗೆ ಬಿಚ್ಚಿ ನೋಡಿದರೆ ಚಕ್ರದ ಸೆನ್ಸರಿನ ವೈರನ್ನು ಇಲಿ ಕಡಿದಿತ್ತು. ಹಿಂಡಿ ಮೂಟೆಯ ಪಕ್ಕ ಕಾರು ನಿಲ್ಲಿಸಿದ ತಪ್ಪು ನಮ್ಮದೇ. ಆ ಒಂದು ತಿಂಗಳು ಮೊಮ್ಮಕ್ಕಳು ಅದೇ ಕಾರಿನಲ್ಲಿ ಓಡಾಡಿದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕೆಚ್ಚಲು ಬಿಸಿಯಾದ ಹಸುವನ್ನು ನಾಳೆ ನೋಡೋಣ ಎಂದು ಬಿಡುತ್ತೇವೆಯೇ? ದೀಪವೂ ಹಾಗೆಯೇ.

ಚಕ್ರದ ಒಳಭಾಗಕ್ಕೆ ಮೆತ್ತಿದ ಕೆಸರು, ಸಗಣಿ ತೊಳೆಯಿರಿ. ಸ್ಟಿಯರಿಂಗ್ ಬಿಚ್ಚಿ ಜೋಡಿಸಿದರೆ ಕೋನದ ಸೆನ್ಸರನ್ನು ಮತ್ತೆ ಸರಿಹೊಂದಿಸಲು ಹೇಳಿ. ನಾಲ್ಕು ಚಕ್ರಕ್ಕೂ ಕಂಪನಿ ಹೇಳಿದ ಅಳತೆಯ ಟೈರನ್ನೇ ಹಾಕಿ.

ಒಂದು ಎಚ್ಚರಿಕೆ. ಈ ಯಂತ್ರ ದೇವರಲ್ಲ. ಹಗ್ಗ ಎಷ್ಟೇ ಜಗ್ಗಿದರೂ ಎತ್ತಿನ ಕಾಲಿಗೆ ನೆಲ ಸಿಕ್ಕರೆ ತಾನೆ? ಸವೆದ ಟೈರಿಗೆ ನೆಲ ಸಿಗುವುದಿಲ್ಲ. ವೇಗ ಎರಡರಷ್ಟಾದರೆ ಅದೇ ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. 40 ಲೀಟರಿನ ಹತ್ತು ಕ್ಯಾನ್ ಹಾಲೆಂದರೆ ಹಾಲಿನ ತೂಕವೇ 400 ಕಿಲೋ ಮೀರುತ್ತದೆ. ಅರ್ಧ ತುಂಬಿದ ಕ್ಯಾನಿನ ಹಾಲು ತಿರುವಿನಲ್ಲಿ ತುಳುಕಿ ಗಾಡಿಯನ್ನು ಇನ್ನಷ್ಟು ಎಳೆಯುತ್ತದೆ. ಹಾಲಿನ ಗಾಡಿ ಓಡಿಸುವ ಹುಡುಗರಿಗೆ, ಬೇಗ ಬಾ ಎನ್ನುವ ಬದಲು ಜೋಪಾನವಾಗಿ ಬಾ ಎಂದು ಹೇಳಿ ಕಳುಹಿಸಿ. ಹಾಲು ಹತ್ತು ನಿಮಿಷ ತಡವಾಗಿ ಬಂದರೆ ಚಿಂತೆಯಿಲ್ಲ. ಹುಡುಗ ಮನೆಗೆ ಬರಬೇಕು.