ಕಾಡಿನ ಪರ ಮಾತನಾಡುವವನೇ ಖಳನಾದಾಗ

(ಬಳಗದ ಓದುಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡು, ನದಿ, ಗೋಮಾಳಗಳ ವಿಚಾರವಾಗಿ ಸೇರುವ ಈ ಕೂಟದಲ್ಲಿ ಅತಿಮಾನವ ನಾಯಕರ ಚಿತ್ರಕಥೆಗಳನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಕಾಮಿಕ್ಸ್ ಎಂದೊಡನೆ ರೈಲು ಪ್ರಯಾಣದಲ್ಲಿ ಓದಿ ಬಿಸಾಡುವ ಪುಸ್ತಕವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ನಮ್ಮ ಮಕ್ಕಳಲ್ಲಿ ಹಲವರು 'ಭೂಮಿಯನ್ನು ಉಳಿಸುವುದು' ಎಂಬ ಮಾತನ್ನು ಮೊದಲು ಕೇಳುವುದು ನಮ್ಮ ಕರಪತ್ರಗಳಲ್ಲಲ್ಲ. ಇಂಥ ಪುಸ್ತಕಗಳಲ್ಲಿ ಮತ್ತು ಅವುಗಳಿಂದ ಹುಟ್ಟಿದ ಚಲನಚಿತ್ರಗಳಲ್ಲಿ. ಅಲ್ಲಿ ಭೂಮಿಯನ್ನು ಯಾರು ಉಳಿಸುತ್ತಾರೆ, ಯಾರಿಂದ ಉಳಿಸುತ್ತಾರೆ ಎಂಬುದನ್ನು ತಿಳಿಯುವುದು ನಮ್ಮ ಕೆಲಸಕ್ಕೆ ಹೊರತಾದ ಸಂಗತಿಯಲ್ಲ. ಕಳೆದ ಕೆಲವು ತಿಂಗಳುಗಳಲ್ಲಿ ಇಂಗ್ಲಿಷಿನಲ್ಲಿ ಓದಿದ ನಾಲ್ಕಾರು ಕೃತಿಗಳ ಬಗ್ಗೆ ಒಬ್ಬ ಸಾಮಾನ್ಯ ಓದುಗನಾಗಿ ನನ್ನ ಅಭಿಪ್ರಾಯಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಮೂಲಪುರುಷನಿಂದಲೇ ಆರಂಭಿಸೋಣ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ಸೃಷ್ಟಿಸಿದ ಸೂಪರ್‌ಮ್ಯಾನ್ 1938ರಲ್ಲಿ 'ಆ್ಯಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡನು. ಅದೇ ವರ್ಷದ ಮೂರನೆಯ ಸಂಚಿಕೆಯ ಕಥೆ ನಡೆಯುವುದು ಒಂದು ಗಣಿಯಲ್ಲಿ. ಗಣಿ ಕುಸಿದು ಒಬ್ಬ ಕಾರ್ಮಿಕ ಅಂಗವಿಕಲನಾಗುತ್ತಾನೆ. ಸುರಕ್ಷತೆಗೆ ಹಣ ವೆಚ್ಚಮಾಡಲು ಮಾಲೀಕನಿಗೆ ಮನಸ್ಸಿಲ್ಲ. ಸೂಪರ್‌ಮ್ಯಾನ್ ಕಾರ್ಮಿಕನ ವೇಷದಲ್ಲಿ ಬಂದು, ಔತಣಕೂಟದಲ್ಲಿ ಮೈಮರೆತಿದ್ದ ಮಾಲೀಕನೂ ಅವನ ಅತಿಥಿಗಳೂ ಗಣಿಯೊಳಗೆ ಸಿಕ್ಕಿಹಾಕಿಕೊಳ್ಳುವಂತೆ ಮಾಡುತ್ತಾನೆ. ಅಪಾಯಸೂಚಕ ಉಪಕರಣಗಳು ಕೆಲಸ ಮಾಡುವುದಿಲ್ಲವೆಂಬುದು ಆಗ ಮಾಲೀಕನಿಗೆ ಸ್ವತಃ ಅನುಭವಕ್ಕೆ ಬರುತ್ತದೆ. ಗಣಿಯನ್ನು ಸುರಕ್ಷಿತಗೊಳಿಸುವುದಾಗಿ ಅವನು ಮಾತು ಕೊಡುವುದರೊಂದಿಗೆ ಕಥೆ ಮುಗಿಯುತ್ತದೆ.

ಈ ಕಥೆಯನ್ನು ಓದಿ ನನಗೆ ಸಂತೋಷವೂ ಅಸಮಾಧಾನವೂ ಆದವು. ಅನ್ಯಗ್ರಹದ ದೈತ್ಯರೊಡನೆ ಗುದ್ದಾಡುವುದಕ್ಕೆ ಮುಂಚೆ ಈ ನಾಯಕನು ಗಣಿಯ ಮಾಲೀಕನ ಎದುರು ನಿಂತಿದ್ದನೆಂಬುದು ಸಂತೋಷ. ಮಾಲೀಕನ ಮನಃಪರಿವರ್ತನೆಯೊಂದೇ ಪರಿಹಾರವೆಂದು ಕಥೆ ನಂಬಿರುವುದು ಅಸಮಾಧಾನ. ಕಾರ್ಮಿಕರ ಸಂಘವಾಗಲಿ, ಕಾನೂನಾಗಲಿ ಅಲ್ಲಿ ಏನನ್ನೂ ಸಾಧಿಸುವುದಿಲ್ಲ. ಒಂದು ರಾತ್ರಿಯಲ್ಲಿ ಒಬ್ಬನೇ ಎಲ್ಲವನ್ನೂ ಸರಿಪಡಿಸುತ್ತಾನೆ. ಗಣಿ ಹೇಗೆ ನಿಲ್ಲುತ್ತದೆಂಬುದನ್ನು ಮಲೆನಾಡಿನವರಾದ ನಾವು ಬಲ್ಲೆವು. ಕುದುರೆಮುಖದ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2002ರಲ್ಲಿ. ಅದು ನಿಂತದ್ದು 2005ರ ಡಿಸೆಂಬರ್ 31ಕ್ಕೆ. ಅದರ ಹಿಂದೆ ಭದ್ರಾ ನದಿಯ ಹೂಳಿನ ಲೆಕ್ಕವಿತ್ತು, ಅರ್ಜಿಗಳಿದ್ದವು, ಅಲೆದಾಟವಿತ್ತು. ಇದನ್ನು ಚಿತ್ರಕಥೆಯಾಗಿ ಬರೆದರೆ ಹೆಚ್ಚಿನ ಪುಟಗಳಲ್ಲಿ ಕಾಗದದ ಕಟ್ಟುಗಳೇ ಕಾಣಿಸಿಯಾವು. ಚಿತ್ರಕಾರನಿಗೆ ಬೇಸರ ತರಿಸುವ ಈ ಭಾಗವನ್ನು ಅತಿಮಾನವರ ಕಥೆಗಳು ಮೊದಲಿನಿಂದಲೂ ಬಿಟ್ಟುಬಿಟ್ಟಿವೆ.

ಇದಕ್ಕಿಂತ ಹೆಚ್ಚು ಚಿಂತೆಗೀಡುಮಾಡಿದ್ದು ಇನ್ನೊಂದು ಸಂಗತಿ. 1960ರ ದಶಕದಿಂದ ಈಚೆಗೆ ಈ ಕಥೆಗಳಲ್ಲಿ ಪ್ರಕೃತಿಯ ಪರವಾಗಿ ಮಾತನಾಡುವ ಪಾತ್ರಗಳು ಬಂದವು. ಆದರೆ ಅವುಗಳಲ್ಲಿ ಪ್ರಸಿದ್ಧವಾದ ಹಲವು ಖಳಪಾತ್ರಗಳು. ಬ್ಯಾಟ್‌ಮ್ಯಾನ್ ಕಥೆಗಳಲ್ಲಿ 1966ರಲ್ಲಿ ಬಂದ ಪಾಯಿಸನ್ ಐವಿ ಕಾಲಕ್ರಮದಲ್ಲಿ ಗಿಡಮರಗಳಿಗಾಗಿ ಮನುಷ್ಯರನ್ನು ಕೊಲ್ಲುವವಳಾದಳು. 1971ರಲ್ಲಿ ಡೆನ್ನಿಸ್ ಓನೀಲ್ ಮತ್ತು ನೀಲ್ ಆ್ಯಡಮ್ಸ್ ಅವರ ಕೈಯಲ್ಲಿ ರೂಪುಗೊಂಡ ರಾಸ್ ಅಲ್ ಗುಲ್ ಎಂಬಾತನು ಭೂಮಿಯ ಸಮತೋಲನವನ್ನು ಮರಳಿ ತರಲು ಮನುಷ್ಯಕುಲದ ಬಹುಭಾಗವನ್ನು ಅಳಿಸಬಯಸುವವನು. ಇನ್ನು ಥಾನೋಸನ ಉದಾಹರಣೆ ಬಹಳ ಬೋಧಪ್ರದವಾದದ್ದು. ಜಿಮ್ ಸ್ಟಾರ್ಲಿನ್ ಬರೆದ 1991ರ 'ಇನ್ಫಿನಿಟಿ ಗಾಂಟ್ಲೆಟ್' ಕೃತಿಯಲ್ಲಿ ಅವನು ವಿಶ್ವದ ಅರ್ಧದಷ್ಟು ಜೀವಿಗಳನ್ನು ಅಳಿಸುವುದು ಮೃತ್ಯುದೇವತೆಯ ಒಲವನ್ನು ಗಳಿಸುವುದಕ್ಕಾಗಿ. 2018ರ ಚಲನಚಿತ್ರದಲ್ಲಿ ಅದೇ ಪಾತ್ರವು ಅದೇ ಕೃತ್ಯಕ್ಕೆ ಕೊಡುವ ಕಾರಣ ಬೇರೆ: ಸಂಪನ್ಮೂಲ ಮಿತವಾದದ್ದು, ಜನಸಂಖ್ಯೆ ಅಧಿಕವಾಯಿತು. ಹುಚ್ಚು ಪ್ರೇಮಿಯ ಮಾತು ಇಪ್ಪತ್ತೇಳು ವರ್ಷಗಳಲ್ಲಿ ಪರಿಸರವಾದಿಯ ಮಾತಾಗಿ ಬದಲಾಯಿತು. ಜಗತ್ತಿನ ಕೋಟ್ಯಂತರ ಮಕ್ಕಳು ಅದನ್ನು ನೋಡಿದರು.

ಈ ಬರಹಗಾರರಿಗೆ ನಮ್ಮ ಮೇಲೆ ದ್ವೇಷವಿದೆಯೆಂದು ತಿಳಿಯಬೇಕಾಗಿಲ್ಲ. ನಾಯಕನ ಕೆಲಸ ಇದ್ದುದನ್ನು ಇದ್ದಂತೆ ಕಾಯುವುದು. ಸಂಚಿಕೆ ಮುಗಿಯುವಷ್ಟರಲ್ಲಿ ನಗರವು ಮೊದಲಿನಂತೆಯೇ ಇರಬೇಕು, ಮುಂದಿನ ತಿಂಗಳ ಕಥೆಗೆ ಅದು ಬೇಕು. ಬದಲಾವಣೆ ಬೇಕೆನ್ನುವವನು ಆದ್ದರಿಂದ ಎದುರುಪಕ್ಷದಲ್ಲಿ ನಿಲ್ಲಬೇಕಾಗುತ್ತದೆ. ಅವನ ಕಾರಣ ನ್ಯಾಯವಾದದ್ದೇ ಆಗಿದ್ದರೆ ಓದುಗ ಅವನ ಕಡೆ ವಾಲಿಯಾನೆಂದು ಅವನಿಗೆ ನರಸಂಹಾರದ ಹಂಬಲವನ್ನೂ ಸೇರಿಸುತ್ತಾರೆ.

ಈ ಕಟ್ಟನ್ನು ಒಳಗಿನಿಂದಲೇ ಬಿಚ್ಚಿದ ಕೃತಿಯೊಂದಿದೆ: 'ಸ್ವಾಂಪ್ ಥಿಂಗ್'. ಲೆನ್ ವೀನ್ ಮತ್ತು ಬರ್ನಿ ರೈಟ್ಸನ್ 1971ರಲ್ಲಿ ಸೃಷ್ಟಿಸಿದ ಈ ಪಾತ್ರವನ್ನು ಇಂಗ್ಲೆಂಡಿನ ಅಲನ್ ಮೂರ್, ಚಿತ್ರಕಾರರಾದ ಸ್ಟೀಫನ್ ಬಿಸೆಟ್ ಮತ್ತು ಜಾನ್ ಟೋಟಲ್ಬೆನ್ ಅವರೊಡನೆ 1984ರಲ್ಲಿ ಹೊಸದಾಗಿ ಕಟ್ಟಿದರು. ಲೂಸಿಯಾನಾದ ಜೌಗುನೆಲದಲ್ಲಿ ಸುಟ್ಟು ಬಿದ್ದ ವಿಜ್ಞಾನಿಯೊಬ್ಬ ಸಸ್ಯರೂಪ ತಾಳಿದನೆಂಬುದು ಹಳೆಯ ಕಥೆ. ಅವನು ಮನುಷ್ಯನೇ ಅಲ್ಲ, ಸತ್ತ ಮನುಷ್ಯನ ನೆನಪುಗಳನ್ನು ಹೀರಿಕೊಂಡು ತಾನೇ ಆ ಮನುಷ್ಯನೆಂದು ಭ್ರಮಿಸಿರುವ ಸಸ್ಯಸಮೂಹವೆಂದು ಮೂರ್ ತಿರುಗಿಸಿದರು. ತನ್ನ ನಿಜ ತಿಳಿದೊಡನೆ ಅವನು ನೆಲಕ್ಕೆ ಬೇರುಬಿಟ್ಟು ಮಲಗುತ್ತಾನೆ.

ಆ ಹೊತ್ತಿನಲ್ಲಿ ವುಡ್ರೂ ಎಂಬ ಸಸ್ಯವಿಜ್ಞಾನಿ ಗಿಡಮರಗಳ ವಕ್ತಾರನಾಗಿ ತನ್ನನ್ನು ತಾನೇ ಘೋಷಿಸಿಕೊಳ್ಳುತ್ತಾನೆ. ಸಸ್ಯಗಳು ಮಿತಿಮೀರಿ ಆಮ್ಲಜನಕವನ್ನು ಬಿಡುವಂತೆ ಮಾಡಿ, ಒಂದು ಕಿಡಿಗೆ ಊರೇ ಉರಿಯುವಂತೆ ಮಾಡುತ್ತಾನೆ. ಮನುಷ್ಯಕುಲವನ್ನೇ ಅಳಿಸುವುದು ಅವನ ಸಂಕಲ್ಪ. ಉಪಗ್ರಹದಲ್ಲಿ ಕುಳಿತ ಸೂಪರ್‌ಮ್ಯಾನ್ ಮೊದಲಾದ ಮಹಾನಾಯಕರಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಗುದ್ದುವುದಕ್ಕೆ ಅಲ್ಲಿ ಯಾವ ದೇಹವೂ ಇಲ್ಲ. ಆಗ ಬೇರುಬಿಟ್ಟವನು ಎದ್ದು ಬಂದು ವುಡ್ರೂವಿಗೆ ಕೇಳುವುದು ಶಾಲೆಯ ವಿಜ್ಞಾನದ ಪ್ರಶ್ನೆ: ಉಸಿರಾಡುವ ಜೀವಿಗಳೆಲ್ಲ ಸತ್ತ ಮೇಲೆ ಈ ಆಮ್ಲಜನಕವನ್ನು ಮತ್ತೆ ಇಂಗಾಲದ ಡೈಆಕ್ಸೈಡ್ ಆಗಿಸುವವರು ಯಾರು? ಗಿಡಗಳು ಏನನ್ನು ಉಂಡು ಬದುಕಬೇಕು? ವುಡ್ರೂವಿನ ಬಳಿ ಉತ್ತರವಿಲ್ಲ. ಗಿಡಗಳು ಅವನ ಕೈಬಿಡುತ್ತವೆ. ಕಾಡನ್ನು ದ್ವೇಷಿಸಿದ್ದಕ್ಕಾಗಿ ಅವನು ಸೋಲುವುದಿಲ್ಲ. ಕಾಡಿನ ಹೆಸರು ಹೇಳುತ್ತ ಕಾಡಿನ ವ್ಯವಹಾರವನ್ನು ಅರಿಯದೆ ಹೋದದ್ದಕ್ಕಾಗಿ ಸೋಲುತ್ತಾನೆ. ಅಷ್ಟರಿಂದ ಮನುಷ್ಯರಿಗೂ ಕ್ಷಮೆ ದೊರೆಯಿತೆಂದು ಕೃತಿ ಹೇಳುವುದಿಲ್ಲ. 1985ರ ಎರಡು ಸಂಚಿಕೆಗಳಲ್ಲಿ ಮೂರ್ ಅಣುತ್ಯಾಜ್ಯದ ಕಥೆಯನ್ನು ಹೇಳಿದ್ದಾರೆ. ಎಸೆದ ತ್ಯಾಜ್ಯವನ್ನೇ ಕುಡಿದು ಬದುಕುವ ನಿರ್ಗತಿಕನೊಬ್ಬ ತಾನು ವಿಷವೆಂಬುದೇ ತಿಳಿಯದೆ ಊರೂರು ಅಲೆಯುತ್ತಾನೆ. ಪುಟಗಳಲ್ಲಿ ಆ ಕಾಲದ ವೃತ್ತಪತ್ರಿಕೆಗಳ ನಿಜವಾದ ತುಣುಕುಗಳನ್ನು ಅಂಟಿಸಿದ್ದಾರೆ. ಕೈಗಾದ ಆಸುಪಾಸಿನ ಓದುಗರಿಗೆ ಈ ಭಾಗಕ್ಕೆ ವಿವರಣೆ ಬೇಕಾಗಲಾರದು.

ವುಡ್ರೂವಿನ ಪ್ರಸಂಗವನ್ನು ನಾನು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಅವನ ಮಾತು ನಮಗೆ ಅಪರಿಚಿತವಲ್ಲ. 'ಮನುಷ್ಯನೇ ಭೂಮಿಗೆ ಅಂಟಿದ ರೋಗ', 'ಕಾಡಿನಿಂದ ಜನ ಹೊರಟರೆ ಕಾಡು ತಾನಾಗಿ ಉಳಿಯುತ್ತದೆ' ಎಂಬ ಮಾತುಗಳನ್ನು ಪರಿಸರದ ಸಭೆಗಳಲ್ಲಿ ಸದುದ್ದೇಶದವರ ಬಾಯಿಂದಲೇ ಕೇಳುತ್ತೇವೆ. ಈ ಮಾತಿನ ಪೆಟ್ಟು ಬೀಳುವುದು ಗಣಿಯ ಮಾಲೀಕನ ಮೇಲಲ್ಲ, ಅಣೆಕಟ್ಟಿನ ಗುತ್ತಿಗೆದಾರನ ಮೇಲೂ ಅಲ್ಲ. ಜೇನು ಕೀಳುವವನ, ನೆಲ್ಲಿಕಾಯಿ ಆಯುವವಳ ಮೇಲೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ದೊರೆತವು. ಅದಕ್ಕೆ ಮುನ್ನ ಅವರು ಕಂಡ ದಿನಗಳ ಹಿಂದೆ ಇದೇ ವಾಕ್ಯವಿತ್ತು. ತಾವು ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತೆಂದು ಆ ಸೋಲಿಗರು ಹೇಳುತ್ತಾರೆ. ಮನುಷ್ಯನನ್ನು ಲೆಕ್ಕದಿಂದ ತೆಗೆದರೆ ಕಾಡಿನ ಲೆಕ್ಕವೂ ತಪ್ಪುತ್ತದೆಂಬುದು ಅವರ ಮಾತಿನ ತಿರುಳು. ಜೌಗುನೆಲದ ಆ ಹಸಿರು ಜೀವಿ ಕೇಳಿದ್ದೂ ಅದನ್ನೇ.

ಇನ್ನು ಜಪಾನಿನ ಕೃತಿಗೆ ಬರುತ್ತೇನೆ. ಹಯಾವೊ ಮಿಯಾಝಾಕಿ 1982ರಿಂದ 1994ರವರೆಗೆ 'ಆನಿಮೇಜ್' ಪತ್ರಿಕೆಯಲ್ಲಿ ನಡುನಡುವೆ ಬಿಡುವು ಕೊಡುತ್ತ ಬರೆದು ಚಿತ್ರಿಸಿದ 'ಗಾಳಿಕಣಿವೆಯ ನಾಸಿಕಾ' ಏಳು ಸಂಪುಟಗಳಷ್ಟಿದೆ. 1984ರ ಚಲನಚಿತ್ರವನ್ನು ಮಾತ್ರ ನೋಡಿದವರು ಇದರ ಆರಂಭವನ್ನಷ್ಟೇ ಬಲ್ಲರು. ಮಹಾಯುದ್ಧವೊಂದು ನಾಗರಿಕತೆಯನ್ನು ಸುಟ್ಟು ಸಾವಿರ ವರ್ಷ ಕಳೆದಿದೆ. ವಿಷವಾಯು ಬಿಡುವ ಬೂಷ್ಟಿನ ಮಹಾರಣ್ಯ ಭೂಮಿಯನ್ನು ಆವರಿಸುತ್ತಿದೆ. 'ಓಮು' ಎಂಬ ದೈತ್ಯ ಕೀಟಗಳು ಅದನ್ನು ಕಾಯುತ್ತಿವೆ. ಎಲ್ಲರೂ ಆ ಕಾಡನ್ನು ಸುಡಬೇಕೆನ್ನುವಾಗ ಪುಟ್ಟ ಕಣಿವೆಯ ರಾಜಕುಮಾರಿ ನಾಸಿಕಾ ಅದರ ಗಿಡಗಳನ್ನು ಶುದ್ಧವಾದ ನೀರು ಮತ್ತು ಮಣ್ಣಿನಲ್ಲಿ ಬೆಳೆಸಿ ನೋಡುತ್ತಾಳೆ. ಅವು ವಿಷ ಬಿಡುವುದಿಲ್ಲ. ವಿಷವಿರುವುದು ಮಣ್ಣಿನಲ್ಲಿ; ಕಾಡು ಅದನ್ನು ಹೀರಿ ಶುಚಿಗೊಳಿಸುತ್ತಿದೆ. ಪಾದರಸದಿಂದ ಕೆಟ್ಟುಹೋದ ಮಿನಾಮಾಟ ಕೊಲ್ಲಿಯ ನೆನಪು ಈ ಕಲ್ಪನೆಯ ಹಿಂದಿದೆ.

ಕಥೆ ಇಲ್ಲಿಗೇ ನಿಂತಿದ್ದರೆ ಅದೊಂದು ಸುಂದರ ನೀತಿಕಥೆಯಾಗುತ್ತಿತ್ತು. ಮಿಯಾಝಾಕಿ ಮುಂದೆ ಹೋಗುತ್ತಾರೆ. ಕೊನೆಯ ಸಂಪುಟದಲ್ಲಿ ತಿಳಿಯುವುದೇನೆಂದರೆ, ಆ ಕಾಡೇ ಪ್ರಾಚೀನರು ಭೂಮಿಯನ್ನು ತೊಳೆಯಲೆಂದು ನಿರ್ಮಿಸಿದ ಯಂತ್ರದಂಥದ್ದು. ಈಗಿನ ಮನುಷ್ಯರೂ ವಿಷವನ್ನು ಸಹಿಸುವಂತೆ ತಿದ್ದಲ್ಪಟ್ಟವರು. ಗಾಳಿ ಪೂರ್ಣ ಶುದ್ಧವಾದ ದಿನ ಇವರು ಬದುಕಲಾರರು; ಆ ದಿನಕ್ಕಾಗಿ ಬೇರೆಯೇ 'ಶುದ್ಧ' ಮನುಷ್ಯರ ಭ್ರೂಣಗಳನ್ನು ಶುವಾ ಎಂಬಲ್ಲಿನ ಸಮಾಧಿಯಲ್ಲಿ ಇಡಲಾಗಿದೆ. ನಾಸಿಕಾ ಆ ಸಮಾಧಿಯನ್ನು ನಾಶಮಾಡುತ್ತಾಳೆ. ಮಲಿನವಾದ, ರೋಗಪೀಡಿತವಾದ ಈ ಬದುಕೇ ನಮ್ಮ ಬದುಕು, ಇದನ್ನು ಬಾಳಬೇಕೆಂಬುದು ಅವಳ ನಿಲುವು. ಯಾರೋ ಮೇಲೆ ಕುಳಿತು ಬರೆದ ಯೋಜನೆಯಲ್ಲಿ ಇಂದಿನ ಜೀವಿಗಳು ಬರಿಯ ಸಾಧನವಾಗುವುದನ್ನು ಅವಳು ಒಪ್ಪುವುದಿಲ್ಲ.

ಈ ಪುಟಗಳನ್ನು ನಾನು ಮೂರು ಬಾರಿ ಓದಿದ್ದೇನೆ, ಪೂರ್ತಿ ಒಪ್ಪಿಗೆಯಾಗಿಲ್ಲ. ಹುಟ್ಟದ ಆ ಭ್ರೂಣಗಳ ಸಾವನ್ನು ಅವಳು ಒಬ್ಬಳೇ ತೀರ್ಮಾನಿಸುತ್ತಾಳೆ, ನಿಜವನ್ನು ತನ್ನ ಜನರಿಗೆ ಹೇಳದೆ ಮುಚ್ಚಿಡುತ್ತಾಳೆ. ಗ್ರಾಮಸಭೆಯಲ್ಲಿ ಕುಳಿತು ಅಭ್ಯಾಸವಾದ ನಮ್ಮಂಥವರಿಗೆ ಇದು ನುಂಗಲಾರದ ತುತ್ತು. ಆದರೂ ಈ ಕೃತಿಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ತನ್ನ ನಾಯಕಿಯ ಕೈ ಶುದ್ಧವಾಗಿಲ್ಲವೆಂಬುದನ್ನು ಅದು ಬಲ್ಲದು ಮತ್ತು ಓದುಗನಿಂದ ಮರೆಮಾಚುವುದಿಲ್ಲ. ಭೂಮಿಯನ್ನು ಉಳಿಸುವ ಉಪಾಯವೆಂದು ಯಾರಾದರೂ ಒಂದು ಪರಿಪೂರ್ಣ ನಕ್ಷೆಯನ್ನು ಮುಂದಿಟ್ಟಾಗ, ಆ ನಕ್ಷೆಯಲ್ಲಿ ಈಗ ಇರುವವರ ಸ್ಥಾನವೇನೆಂದು ಕೇಳುವುದನ್ನು ಅದು ಕಲಿಸುತ್ತದೆ.

ಕೊನೆಯದಾಗಿ ಹೊಸದೊಂದನ್ನು ಹೆಸರಿಸಬೇಕು. 2022ರಲ್ಲಿ ಆರಂಭವಾದ 'ಪಾಯಿಸನ್ ಐವಿ' ಮಾಲೆಯನ್ನು ಬರೆದವರು ಜಿ. ವಿಲ್ಲೋ ವಿಲ್ಸನ್, ಚಿತ್ರಿಸಿದವರು ಮಾರ್ಸಿಯೋ ಟಕಾರ. ನಾನು ಮೊದಲು ಹೇಳಿದ ಆ ಖಳನಾಯಕಿಯೇ ಇಲ್ಲಿ ಕಥಾನಾಯಕಿ. ಮನುಷ್ಯಕುಲವನ್ನು ಮುಗಿಸಲೆಂದು ಮಾರಕ ಶಿಲೀಂಧ್ರದ ಬೀಜಾಣುಗಳನ್ನು ಹರಡುತ್ತ ಅವಳು ಅಮೆರಿಕದ ಉದ್ದಗಲ ಪ್ರಯಾಣ ಮಾಡುತ್ತಾಳೆ. ದಾರಿಯಲ್ಲಿ ಕೂಲಿಯವರ ನಡುವೆ ಕೆಲಸ ಮಾಡುತ್ತಾಳೆ, ಅವರ ಹೆಸರುಗಳನ್ನು ತಿಳಿಯುತ್ತಾಳೆ. ಹೆಸರು ತಿಳಿದ ಮೇಲೆ ಕೊಲ್ಲುವುದು ಕಷ್ಟವಾಗುತ್ತದೆ. ಶಿಲೀಂಧ್ರದ ಚಿತ್ರಗಳು ಭಯಹುಟ್ಟಿಸುವಷ್ಟು ಸೊಗಸಾಗಿವೆ. ಆದರೆ ಈ ಪ್ರಕಾರದ ಹಳೆಯ ಚಾಳಿಗಳು ಇಲ್ಲಿಯೂ ಹೋಗಿಲ್ಲ: ಹೆಣ್ಣಿನ ಮೈಯನ್ನು ಪ್ರದರ್ಶನಕ್ಕಿಟ್ಟ ಮುಖಪುಟಗಳು, ಬೇರೆ ಮಾಲೆಯ ಪಾತ್ರಗಳು ಬಂದುಹೋಗುವ ಅನಗತ್ಯ ಹೊಡೆದಾಟಗಳು. ಆದರೂ ಮನುಷ್ಯದ್ವೇಷದಿಂದ ಹೊರಟವಳು ಅಸಲಿ ತಪ್ಪಿತಸ್ಥರನ್ನು ಉಳಿದವರಿಂದ ಬೇರ್ಪಡಿಸಿ ನೋಡಲು ಕಲಿಯುವುದು ಈ ಸಾಹಿತ್ಯದಲ್ಲಿ ಒಂದು ಒಳ್ಳೆಯ ಹೆಜ್ಜೆ.

ಸ್ನೇಹಿತರೇ, ಅಲನ್ ಮೂರ್ ಜೌಗುನೆಲದ ಕಥೆಯನ್ನು ಹೊಸದಾಗಿ ಬರೆಯತೊಡಗಿದ್ದು 1983ರ ಸುಮಾರಿಗೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಹೆಂಗಸರು, ಗಂಡಸರು, ತರುಣರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಘಟನೆಗಳಿವು. ಆದರೆ ಕಾಡಿನ ಪರವಾಗಿ ಮಾತನಾಡಲು ಮನುಷ್ಯರ ವಿರುದ್ಧ ಮಾತನಾಡಬೇಕಾಗಿಲ್ಲವೆಂಬ ತಿಳಿವು ಎರಡರಲ್ಲಿಯೂ ಇದೆ. ಆದಕಾರಣ ನನ್ನ ವಿನಂತಿ ಇಷ್ಟೇ. ಬಳಗದ ಗ್ರಂಥಾಲಯಕ್ಕೆ ಮಕ್ಕಳು ಕೇಳುತ್ತಿರುವ ಕಾಮಿಕ್ಸ್ ಪುಸ್ತಕಗಳನ್ನು ತರಿಸೋಣ. 'ನಾಸಿಕಾ'ದ ಏಳೂ ಸಂಪುಟಗಳನ್ನು ಹೈಸ್ಕೂಲಿನವರಿಗೆ, 'ಸ್ವಾಂಪ್ ಥಿಂಗ್' ಭಯಾನಕ ದೃಶ್ಯಗಳಿರುವುದರಿಂದ ದೊಡ್ಡವರ ಕಪಾಟಿಗೆ. ತಂದ ಮೇಲೆ ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗದೆ ನಾವೂ ಓದೋಣ. ಖಳನಾಯಕನ ಮಾತು ಬಂದಾಗ ಪುಟದ ಮೇಲೆ ಬೆರಳಿಟ್ಟು, ಈ ವಾಕ್ಯವನ್ನು ನಮ್ಮ ಸಭೆಯಲ್ಲಿ ಯಾರಾದರೂ ಆಡಿದ್ದುಂಟೇ ಎಂದು ಕೇಳಿಕೊಳ್ಳೋಣ.